ಅರ್ಧ ಓದಿದ ಪಾಠ

‘ಮಕ್ಕಳಲ್ಲಿ ಆಸಕ್ತಿ ಕಾಣಲಿಲ್ಲ’ ಎಂದು ಫಾರಂನಲ್ಲಿ ಬರೆದು ಮಲ್ಲಿಕಾ ಪೆನ್ನಿನ ಮುಚ್ಚಳ ಹಾಕಿದಳು. ಮೂರನೇ ತರಗತಿಯ ಹೊಸ ಓದುಪುಸ್ತಕ ಅಚ್ಚಿಗೆ ಹೋಗುವ ಮೊದಲು, ಆಯ್ಕೆಯಾದ ಪಾಠಗಳನ್ನು ಹಾನಗಲ್ ತಾಲೂಕಿನ ಶಿಕ್ಷಕರು ತಮ್ಮ ಮಕ್ಕಳಿಗೆ ಓದಿ ನೋಡಿ ವರದಿ ಕೊಡಬೇಕಿತ್ತು. ಇವತ್ತು ಓದಿದ್ದು ತಪ್ಪಿಸಿಕೊಂಡ ಎಮ್ಮೆಯ ಕತೆ. ಬರೆದವಳು ಪಕ್ಕದ ಕೋಣೆಯಲ್ಲಿ ಕಲಿಸುವ ಸುಧಾರಾಣಿ, ಕೆಲಸಕ್ಕೆ ಸೇರಿ ಬರೀ ಮೂರು ವರ್ಷವಾದವಳು. ಹದಿನೆಂಟು ವರ್ಷ ಕಲಿಸಿದ ಮಲ್ಲಿಕಾ ಬರೆದು ಕಳಿಸಿದ ಪಾಠವನ್ನು ಪುಸ್ತಕದ ಆಯ್ಕೆ ಸಮಿತಿ ಮೊದಲ ಸುತ್ತಿನಲ್ಲೇ ತಿರಸ್ಕರಿಸಿತ್ತು.

ಅದಕ್ಕೇ ಅವಳು ಹಾಜರಿ ಕೂಗುವಂತೆ ಕತೆ ಓದಿದ್ದಳು. ಎಮ್ಮೆ ಅಕ್ಕಿ ಗಿರಣಿಯೊಳಗೆ ನುಗ್ಗುವಲ್ಲಿ ನಿಲ್ಲಿಸಿ, ಗಣಿತದ ಪುಸ್ತಕ ತೆಗೆಯಲು ಹೇಳಿದ್ದಳು. ಯಾರೂ ತೆಗೆದಿರಲಿಲ್ಲ.

“ಅಕ್ಕೋರ, ಎಮ್ಮಿ ಮನಿಗೆ ಬಂತೇನ್ರಿ?”

ಕೇಳಿದವಳು ಕೀರ್ತನಾ. ಜೂನ್‌ನಿಂದ ಹಾಜರಿಗೂ ಕೈಯಷ್ಟೇ ಎತ್ತುತ್ತಿದ್ದ ಹುಡುಗಿ. ಅವಳ ದನಿಯನ್ನು ಮಲ್ಲಿಕಾ ಇವತ್ತೇ ಮೊದಲು ಕೇಳಿದ್ದು. ಆ ಬಾಯಿ ತೆರೆಸಲು ತಾನು ಪಟ್ಟ ಪಾಡೆಲ್ಲ ನೆನಪಾಗಿ ಅವಳ ಹೊಟ್ಟೆ ಇನ್ನಷ್ಟು ಉರಿಯಿತು. ಆದರೂ ಆ ಕಣ್ಣುಗಳೆದುರು ಸುಮ್ಮನಿರಲಾಗಲಿಲ್ಲ. “ಕೇಳ್ರಿ ಹಂಗಾರ,” ಎಂದು ಮತ್ತೆ ಮೊದಲಿನಿಂದ, ಎಮ್ಮೆಯಂತೆ ಕೂಗಿ, ಗಿರಣಿಯಂತೆ ಗುಡುಗಿ, ಕೊನೆಯವರೆಗೂ ಓದಿದಳು.

ಮುಗಿಸಿ ನೇರ ಪಕ್ಕದ ಕೋಣೆಯ ಬಾಗಿಲಿಗೆ ಹೋದಳು. “ಸುಧಾ, ಇನ್ನೊಂದು ಫಾರಂ ಐತೇನು? ಇದರಾಗ ಸುಳ್ಳು ಬರದೇನಿ.”

“ಏನ್ ಬರದೀರಿ ಅಕ್ಕಾ?” ಸುಧಾರಾಣಿ ನಗುತ್ತ ಕೈ ಚಾಚಿದಳು.

ಮಲ್ಲಿಕಾ ಹಾಳೆಯನ್ನು ಹರಿದುಬಿಡಬಹುದಿತ್ತು. ಹರಿಯದೆ ಅವಳ ಕೈಯಲ್ಲಿಟ್ಟಳು.