ಬೆಸ ಸಂಖ್ಯೆಯ ಗಾಳ

ಗಾಳಕ್ಕೆ ಮೀನು ಬಿದ್ದಿತ್ತು. ಗಣಿತದ ಮೇಷ್ಟ್ರು ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತು, ವೇದಿಕೆಯ ಮೇಲಿದ್ದ ವಿಭಾಗದ ಮುಖ್ಯಸ್ಥನನ್ನು ನೋಡಿ ಮುಖ ಸಿಂಡರಿಸಿದರು. ಎಂಜಲು ಹಚ್ಚಿ ಹಾಳೆ ತಿರುವುವ ಆ ಬೆರಳು, ಮಾತಿಗೆ ಮುಂಚೆ ಒರೆಸಿಕೊಳ್ಳುವ ಆ ಒದ್ದೆ ತುಟಿ.

ಹಿಂದೊಮ್ಮೆ ಮೇಷ್ಟ್ರು ಕರಿಹಲಗೆಯ ಮೇಲೆ ಬಿಡಿಸಿಟ್ಟಿದ್ದಂಥದೇ ಲೆಕ್ಕವೊಂದು ಮುಖ್ಯಸ್ಥನ ಲೇಖನದಲ್ಲಿ ಅಚ್ಚಾಗಿತ್ತು. ಇಬ್ಬರಿಗೂ ಹೊಳೆದಿರಬಹುದಲ್ಲ ಎಂದಿದ್ದಳು ಹೆಂಡತಿ. ಮೇಷ್ಟ್ರು ಒಪ್ಪಲಿಲ್ಲ. ಕಳ್ಳನನ್ನು ನಾಲ್ಕು ಜನರೆದುರು ಹಿಡಿಯದೆ ಬಿಡುವುದಿಲ್ಲ ಎಂದು ಹಟ ತೊಟ್ಟರು.

ರಜೆಗೆ ಹೋಗುವ ಮುನ್ನ ಗಾಳ ಹಾಕಿದರು. ಸಂಖ್ಯೆಯೊಂದರ ಭಾಜಕಗಳಲ್ಲಿ ಅದನ್ನೇ ಬಿಟ್ಟು ಉಳಿದವನ್ನೆಲ್ಲ ಕೂಡಿದಾಗ ಮತ್ತೆ ಅದೇ ಬಂದರೆ ಅದು ಪರಿಪೂರ್ಣ ಸಂಖ್ಯೆ. ಒಂದು, ಎರಡು, ಮೂರು ಕೂಡಿದರೆ ಆರು ಬಂದ ಹಾಗೆ. ಈವರೆಗೆ ಸಿಕ್ಕಿದ್ದೆಲ್ಲ ಸಮ ಸಂಖ್ಯೆಗಳೇ. ಬೆಸ ಪರಿಪೂರ್ಣ ಸಂಖ್ಯೆ ಯಾರಿಗೂ ಸಿಕ್ಕಿಲ್ಲ. ಮೇಷ್ಟ್ರು ತಮ್ಮ ಕೋಣೆಯ ಹಲಗೆಯ ಮೇಲೆ 198585576189 ಎಂದು ಬರೆದು, ಅಪವರ್ತನಗಳನ್ನು ಬಿಡಿಸಿ, ಕೊನೆಯದರ ಪಕ್ಕ ‘ಅವಿಭಾಜ್ಯ’ ಎಂದೂ ಕೆಳಗೆ ‘ಬೆಸ, ಪರಿಪೂರ್ಣ’ ಎಂದೂ ಗೀಚಿದರು. ಹಳೆಯ ಗಣಿತಜ್ಞರ ಕೀಟಲೆ ಅದು. ಕೊನೆಯ ಅಪವರ್ತನ 22021 ಅವಿಭಾಜ್ಯ ಎಂದು ನಂಬಿದರೆ ಲೆಕ್ಕ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಆದರೆ ಅದು ಅವಿಭಾಜ್ಯವಲ್ಲ.

ಮರಳಿ ಬಂದಾಗ ಹಲಗೆ ಹಾಗೆಯೇ ಇತ್ತು. ಮನುಷ್ಯರು ಮಾತ್ರ ಹಾಗಿರಲಿಲ್ಲ. ಇವರು ಕಾಲಿಟ್ಟ ಕೂಡಲೇ ಸಹೋದ್ಯೋಗಿಗಳ ಪಿಸುಮಾತು ನಿಲ್ಲುತ್ತಿತ್ತು. ಮುಖ್ಯಸ್ಥ ಮೇಜಿನ ಮೇಲಿದ್ದುದನ್ನು ಸರಕ್ಕನೆ ಮುಚ್ಚುತ್ತಿದ್ದ.

“ನಾಳೆ ಸಭೆ ತಪ್ಪಿಸ್ಕೋಬೇಡಿ ಸಾರ್. ನಿಮ್ಮ ಮನೆಯವರನ್ನೂ ಕರೆದಿದೀನಿ,” ಎಂದು ಹಲ್ಲು ಕಿರಿದಿದ್ದ.

ಕದ್ದದ್ದು ಸಾಲದೆಂದು ಹೆಂಡತಿಯೆದುರೇ ಮೆರೆಯಬೇಕೆ? ಥೂ, ಅಸಹ್ಯ ಎಂದುಕೊಂಡಿದ್ದರು ಮೇಷ್ಟ್ರು.

ಈಗ ಮುಖ್ಯಸ್ಥ ಗಂಟಲು ಸರಿಮಾಡಿಕೊಂಡ. “ನಮ್ಮ ವಿಭಾಗಕ್ಕೆ ಇದು ದೊಡ್ಡ ದಿನ. ಒಂದು ಸಂಖ್ಯೆ ಹೇಳ್ತೀನಿ, ಕೇಳಿ.” ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ, ಆ ಸಂಖ್ಯೆಯ ಅಂಕಿಗಳನ್ನು ಒಂದೊಂದಾಗಿ ಓದಿದ. ಜನ ಚಪ್ಪಾಳೆ ತಟ್ಟಿದರು.

ಮೇಷ್ಟ್ರು ಎದ್ದು ನಿಂತರು.

“22021ನ್ನ ಹತ್ತೊಂಬತ್ತರಿಂದ ಭಾಗಿಸಿ ನೋಡಿದ್ದೀರಾ? ಶೇಷ ಉಳಿಯಲ್ಲ. ನಿಮ್ಮ ಪರಿಪೂರ್ಣ ಸಂಖ್ಯೆ ಬರೀ ಬೊಗಳೆ. ಇದಕ್ಕೆ ಹೆಸರು ಹಾಕಿಸ್ಕೊಂಡೋನಿಗೆ ನಾಚಿಕೆ ಆಗಬೇಕು.”

ಚಪ್ಪಾಳೆ ನಿಂತಿತು. ಮುಂದಿನ ಸಾಲಿನಲ್ಲಿದ್ದ ಹೆಂಡತಿ ತಲೆ ತಗ್ಗಿಸಿದಳು. ಅವಳೇಕೆ ತಗ್ಗಿಸಬೇಕು ಎಂದು ಮೇಷ್ಟ್ರಿಗೆ ಅರ್ಥವಾಗಲಿಲ್ಲ.

ಮುಖ್ಯಸ್ಥನ ಮುಖ ಬಿಳಿಚಿಕೊಂಡಿತ್ತು. “ಅವಿಭಾಜ್ಯ ಅಂತ ಹಲಗೆ ಮೇಲೆ ಬರೆದಿತ್ತು ಸಾರ್. ಬರೆದ ಕೈ ಅಂಥದ್ದು. ಮತ್ತೆ ಭಾಗಿಸಿ ನೋಡ್ಬೇಕು ಅಂತ ನಮಗ್ಯಾರಿಗೂ ಅನ್ನಿಸ್ಲೇ ಇಲ್ಲ.”

ಅವನು ಬೇಡವೆಂದು ಕೈಯೆತ್ತುವಷ್ಟರಲ್ಲಿ ಜವಾನ ಗೋಡೆಯ ಪರದೆ ಎಳೆದುಬಿಟ್ಟಿದ್ದ. ಅಮೃತಶಿಲೆಯ ಫಲಕದ ಮೇಲೆ ಆ ಸಂಖ್ಯೆಯಿತ್ತು. ಅದರ ಕೆಳಗೆ, ‘ಕಂಡುಹಿಡಿದವರು’ ಎಂಬಲ್ಲಿ, ಮೇಷ್ಟ್ರ ಹೆಸರಿತ್ತು.