ಹಾಟ್ ಚಾಕೊಲೇಟಿಗೆ ಬಂದವರು

ವಾಡಿಯ ಬೇಕರಿಯಲ್ಲೂ ಪಕ್ಕದ ಟೇಬಲಿಗೆ ಒಬ್ಬ ಗಂಡಸು ಬಂದು ಕುಳಿತು, "ಜೈ ಭೀಮ್ ರೀ ಟೀಚರ್" ಎಂದಾಗ ರಮಾಬಾಯಿಗೆ ಖಾತ್ರಿಯಾಯಿತು. ಇದು ಹಾಟ್ ಚಾಕೊಲೇಟ್ ಅಲ್ಲ. ಇದು ಕನ್ಯಾ ನೋಡುವ ಕಾರ್ಯಕ್ರಮ.

ನಿನ್ನೆ ಚಿತ್ತಾಪುರದಲ್ಲೂ ಹೀಗೇ ಆಗಿತ್ತು. ನಲವತ್ತೈದರ ಒಬ್ಬ, ಇಸ್ತ್ರಿ ಅಂಗಿ, ಕಪ್ಪು ಬಣ್ಣ ಹಚ್ಚಿದ ಮೀಸೆ. ಹೋಟೆಲಿನ ಖಾಲಿ ಕುರ್ಚಿಗಳನ್ನೆಲ್ಲ ಬಿಟ್ಟು ಇವರ ಮಗ್ಗುಲಿಗೇ ಬಂದು ಕುಳಿತಿದ್ದ. ಆಗ ಅವಳಿಗೆ ಹೊಳೆದಿರಲಿಲ್ಲ.

ಪದ್ಧತಿ ಅವಳಿಗೆ ಗೊತ್ತಿದ್ದದ್ದೇ. ಹುಡುಗ ಮೊದಲೇ ಬರುವುದಿಲ್ಲ. ಅವನ ಕಾಕಾನೋ ಮಾಮಾನೋ ಬಸ್‌ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ ಸುಮ್ಮನೆ ಎದುರಾಗುತ್ತಾನೆ. ಎರಡು ಮಾತಾಡುತ್ತಾನೆ. ಹುಡುಗಿಗೆ ಏನೂ ಗೊತ್ತಿರುವುದಿಲ್ಲ.

ಅಣ್ಣನ ಮಗಳು ಲುಂಬಿನಿಗೂ ಗೊತ್ತಿರಲಿಲ್ಲ, ಪಾಪ. "ಅತ್ತಿ, ನಮ್ಮ ಕಡಿ ಛಲೋ ಹಾಟ್ ಚಾಕೊಲೇಟ್ ಎಲ್ಲಿ ಸಿಗ್ತದ ಅಂತ ಹುಡುಕೂಣು ನಡಿ" ಎಂದು ರಜೆಯಲ್ಲಿ ಸೇಡಂನಿಂದ ಎಳೆದುಕೊಂಡು ಹೊರಟಿದ್ದಳು. ಈಗ ಕಪ್ಪಿನೊಳಗೆ ಮುಖ ಹಾಕಿ ಕೂತಿದ್ದಳು.

ಇದರ ಹಿಂದೆ ಇರುವವನು ಅಣ್ಣ ರಾಜರತ್ನನೇ. ಹುಟ್ಟಿದಾಗಿನಿಂದ ಚಹಾ ಬಿಟ್ಟು ಬೇರೇನೂ ಕುಡಿಯದವನು ನಿನ್ನೆ ಮೂರು ಸಲ ಫೋನ್ ಮಾಡಿ, "ಹಾಟ್ ಚಾಕೊಲೇಟ್ ಹ್ಯಾಂಗಿತ್ತು? ಸೇರ್ತೇನು?" ಎಂದು ಕೇಳಿದ್ದ.

ಲುಂಬಿನಿಗೆ ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ತಾಯಿ ಇಲ್ಲದ ಕೂಸನ್ನು ಮೂರು ವರ್ಷದವಳಿದ್ದಾಗಿನಿಂದ ಸಾಕಿದವಳು ರಮಾಬಾಯಿ. ತನಗೆ ಬಂದ ಸಂಬಂಧಗಳನ್ನೆಲ್ಲ "ಈಕಿ ಓದು ಮುಗೀಲಿ" ಎಂದು ಹಿಂದಕ್ಕೆ ಕಳಿಸಿದವಳು. ಈಗ ಯಾವನದೋ ಕಾಕಾ ಬಂದು ಆ ಓದು ನಿಲ್ಲಿಸುವುದೇ?

"ಸಾಲ್ಯಾಗ ಎಷ್ಟು ವರ್ಷ ಸರ್ವೀಸ್ ಆತ್ರಿ?" ವಾಡಿಯವನು ಕೇಳಿದ.

ಮನೆತನದ ವಿಚಾರಣೆ ಶುರುವಾಯಿತು, ಎಂದುಕೊಂಡಳು ರಮಾಬಾಯಿ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹದಿನೆಂಟು. ಆದ್ರ ಈ ನಮ್ಮ ಹುಡುಗಿಗಿ ಒಂದು ರೊಟ್ಟಿ ಬಡೀಲಿಕ್ಕ ಬರಂಗಿಲ್ಲ ನೋಡ್ರಿ."

"ಅತ್ತಿ!" ಎಂದಳು ಲುಂಬಿನಿ.

"ಸುಮ್ಮ ಕುಡಿ."

ಅವನು ಲುಂಬಿನಿಯ ಕಡೆ ತಿರುಗಿಯೂ ನೋಡಲಿಲ್ಲ. ಭಾರಿ ಹುಷಾರು ಮನುಷ್ಯ. ತನ್ನ ಕಪ್ಪು ಮುಗಿಸಿ, ಕೈಗಡಿಯಾರ ನೋಡಿ ಎದ್ದು ಹೋದ.

"ಹ್ಯಾಂಗನಸ್ತು?" ಲುಂಬಿನಿ ಮೊಬೈಲ್ ತೆಗೆದಳು.

"ಹಾಲಿನ್ಯಾಗ ಪುಡಿ ಗಂಟು ಗಂಟು ತೇಲಾಕತ್ತದ. ಇದಕ್ಕ ಹಾಟ್ ಚಾಕೊಲೇಟ್ ಅಂತಾರ?"

"ಅದಲ್ಲ..." ಎಂದವಳು ತಡೆದು, "ಹೂಂ, ಅದನ" ಎಂದು ಏನೋ ಟೈಪ್ ಮಾಡಿದಳು.

ಸಂಜೆ ಶಹಾಬಾದ್. ಮಶಿನ್ನಿನಿಂದ ಇಳಿದ ಕಂದು ನೀರು. ಪಕ್ಕದಲ್ಲಿ ಮೂರನೆಯ ಕಾಕಾ. ಇವನು ಬಂದವನೇ, ಕಪ್ಪು ತಡವಾಯಿತೆಂದು ಹೋಟೆಲಿನ ಮುದುಕನ ಮೇಲೆ ಹರಿಹಾಯ್ದ. ಆಮೇಲೆ ನಕ್ಕು, "ನಮ್ಮ ಮನಿ ಸ್ಟೇಶನ್ ಬಾಜೂಕ ಅದ ರೀ. ದಿನಾ ಸೇಡಂಕ ಹೋಗಿ ಬರ್ಲಿಕ್ಕ ಏನೂ ತ್ರಾಸಿಲ್ಲ" ಎಂದ.

ಲಗ್ನವಾದ ಹುಡುಗಿ ದಿನಾ ತವರಿಗೆ ಯಾಕೆ ಬರುತ್ತಾಳೆ? ಎಂಥ ವಿಚಿತ್ರ ಮಂದಿ!

"ಈಕಿ ಹತ್ತು ಗಂಟಿಗಿ ಏಳ್ತಾಳ. ಎದ್ದ ಮ್ಯಾಲ ಮೊಬೈಲ್. ಸಿಟ್ಟು ಬಂದ್ರ ತಾಟು ಒಗೀತಾಳ" ಎಂದಳು ರಮಾಬಾಯಿ.

ಶಹಾಬಾದಿನವನಿಗೂ ಗಾಬರಿಯಾದಂತೆ ಕಂಡಿತು. ಎರಡಕ್ಕೆ ಎರಡೂ ಓಡಿದವು. ಬಸ್ಸಿನಲ್ಲಿ ರಮಾಬಾಯಿ ಹಾಡು ಗುನುಗಿದಳು. ಲುಂಬಿನಿ ಮುಖ ಉಬ್ಬಿಸಿಕೊಂಡು ಕೂತಿದ್ದಳು. "ನೀ ಯಾರ್ಗೂ ನೆಟ್ಟಗ ಮಾತಾಡಂಗಿಲ್ಲ ಬಿಡು. ಇನ್ನ ಚಿಂಚೋಳಿ ಒಂದ ಉಳೀತು."

ಮರುದಿನ ಚಿಂಚೋಳಿಯಲ್ಲಿ ಆಶಾಬಿಯ ಸಣ್ಣ ಅಂಗಡಿ. ಎಮ್ಮೆ ಹಾಲನ್ನು ಅರ್ಧಕ್ಕೆ ಇಳಿಸಿ, ಕೋಕೋ ಪುಡಿಯನ್ನು ಮೊದಲು ತಣ್ಣನೆ ಹಾಲಿನಲ್ಲಿ ಕಲೆಸಿ, ಅದರೊಳಗೆ ಹಾಕಿ ತಿರುವುತ್ತಿದ್ದಳು. ಸ್ಟೀಲ್ ಲೋಟ ಬಾಯಿಗಿಟ್ಟ ರಮಾಬಾಯಿ ಕಣ್ಣು ಮುಚ್ಚಿದಳು. ದಪ್ಪ, ಕಹಿ, ಹಿಂದಿನಿಂದ ಸಿಹಿ. ಕಣ್ಣು ತೆರೆದಾಗ ಎದುರಿನ ಬೆಂಚಿನ ಮೇಲೆ ನಾಲ್ಕನೆಯವನು.

"ಜೈ ಭೀಮ್ ರೀ. ನಾ ಸುರೇಶಕುಮಾರ. ಇಲ್ಲೇ ದವಾಖಾನಿ ಲ್ಯಾಬಿನ್ಯಾಗ ಇದೀನಿ. ನೀವು ಕುಡೀರಿ ಮೊದಲ, ಆರ್ತದ."

ಇವನ ತಲೆ ಅಲ್ಲಲ್ಲಿ ಬೆಳ್ಳಗಾಗಿತ್ತು. ಮುಚ್ಚಿಟ್ಟಿರಲಿಲ್ಲ. ಆಶಾಬಿ ಇವನಿಗೆ ಲೋಟ ಕೊಟ್ಟಾಗ "ನಿಮಗ ಇಟ್ಕೊಂಡ್ರೇನು ಆಪಾ?" ಎಂದು ಕೇಳಿದ. ಇಂಥವನನ್ನು ರೊಟ್ಟಿ, ತಾಟು ಎಂದೆಲ್ಲ ಹೇಳಿ ಓಡಿಸಲು ರಮಾಬಾಯಿಗೆ ಮನಸ್ಸಾಗಲಿಲ್ಲ. ನೇರವಾಗಿಯೇ ಹೇಳಿದಳು.

"ನೋಡ್ರಿ, ಈಕಿ ಧಾರವಾಡಕ್ಕ ಓದ್ಲಿಕ್ಕ ಹೊಂಟಾಳ. ಎರಡು ವರ್ಷ ಲಗ್ನದ ಮಾತೇ ಇಲ್ಲ."

"ಓದ್ಬೇಕ್ರಿ ಮತ್ತ. ಓದಿ ನೌಕರೀನೂ ಮಾಡ್ಲಿ."

ರಮಾಬಾಯಿ ಲೋಟ ಕೆಳಗಿಟ್ಟಳು. ಇಂಥ ಮಾತು ಅವಳು ಎಣಿಸಿರಲಿಲ್ಲ. ಎದೆಯ ಭಾರ ಇಳಿದಂತಾಯಿತು.

"ಖರೇನ ಹೇಳ್ತೀರೇನ್ರಿ? ಅಲ್ಲೀತನ ನಿಮ್ಮ ಹುಡುಗ ಕಾಯ್ತಾನೇನು?"

"ಯಾವ ಹುಡುಗ ರೀ?"

"ನಿಮ್ಮ ಅಣ್ಣನ ಮಗನೋ, ಅಕ್ಕನ ಮಗನೋ. ನನಗ ಎಲ್ಲಾ ಗೊತ್ತದ. ಈಗರೆ ಹೇಳ್ರಿ, ಹುಡುಗ ಯಾರು?"

ಲುಂಬಿನಿ ಕೆಮ್ಮತೊಡಗಿದಳು. ಒಲೆಯ ಮುಂದೆ ಆಶಾಬಿ ಸೌಟು ತಿರುವುವುದನ್ನು ನಿಲ್ಲಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುರೇಶಕುಮಾರ ಕಿವಿಯವರೆಗೂ ಕೆಂಪಾಗಿ, ಎರಡೂ ಕೈಯಲ್ಲಿ ಲೋಟ ಹಿಡಿದು ಹೇಳಿದ:

"ಹುಡುಗ ನಾನ ರೀ, ಟೀಚರ್. ಕನ್ಯಾ ನೀವು."