ಮೂರನೇ ಪೆಟ್ಟಿಗೆಯ ಉಸಿರು

ಮೂರನೇ ಪೆಟ್ಟಿಗೆಯೊಳಗೆ ಸೀಗಡಿಯಂಥದ್ದೊಂದು, ಬೆಳ್ಳಗೆ, ಮೈ ಮಡಚಿಕೊಂಡು ಕೂತಿತ್ತು.

ಅಲ್ಲಿ ಏನೂ ಇರಬಾರದಿತ್ತು. ಸಾಗರದ ತಳದಿಂದ ಆಗಷ್ಟೇ ಮೇಲೆ ಬಂದ ಪೆಟ್ಟಿಗೆಗಳಲ್ಲಿ ಎರಡರ ತುಂಬ ಕೆಸರು. ಆ ಕೆಸರಿನ ಜೀವಿಗಳು ಎಷ್ಟು ಆಮ್ಲಜನಕ ಉಸಿರಾಡುತ್ತವೆಂದು ಅಳೆಯುವುದೇ ಹಡಗಿನಲ್ಲಿದ್ದ ಆ ವಿದ್ಯಾರ್ಥಿನಿಯ ಸಂಶೋಧನೆ. ಮೂರನೆಯದರಲ್ಲಿ ಬರೀ ನೀರು, ಹೋಲಿಸಿ ನೋಡುವುದಕ್ಕೆ. ಈಗ ಆ ಬರೀ ನೀರೇ ಎಲ್ಲಕ್ಕಿಂತ ಜೋರಾಗಿ ಉಸಿರಾಡಿತ್ತು. ಸಂಜೆ ಹಡಗು ವಾಪಸು ಹೊರಡುವುದಿತ್ತು. ಇನ್ನೊಮ್ಮೆ ಇಳಿಸುವ ಮಾತೇ ಇಲ್ಲ. ಈ ಅಂಕಿ ಕೆಟ್ಟರೆ ಪ್ರಬಂಧ ಮುಳುಗಿದಂತೆ.

"ಪೆಟ್ಟಿಗೆ ಇಳಿಸೋ ಮುಂಚೆ ಏನು ತಿಂದಿದ್ದೆ?" ಮಾರ್ಗದರ್ಶಕಿ ಕೇಳಿದರು.

"ಹುರಿದ ಮೀನು, ಮೇಡಂ."

"ಕೈ ತೊಳೆದ್ಯಾ?"

"ತೊಳೆದೆ. ಸೋಪು ಇರ್ಲಿಲ್ಲ."

ಮೇಡಂ ಬೈಯಲಿಲ್ಲ. "ಆ ಕತ್ತಲಲ್ಲಿ ಊಟದ ವಾಸನೆ ಬಂದ್ರೆ ನಾನಾದ್ರೂ ಬರ್ತಿದ್ದೆ. ಸಾಯದ ಹಾಗೆ ನೋಡ್ಕೋ. ಇದೊಂದೇ ಎಷ್ಟು ಉಸಿರಾಡುತ್ತೆ ಅಂತ ಗೊತ್ತಾದ್ರೆ ಅಷ್ಟನ್ನ ಕಳೆದುಬಿಡ್ಬಹುದು."

ಅವಳು ಶೀತಲ ಕೋಣೆಯಲ್ಲಿ ಎರಡೆರಡು ಸ್ವೆಟರ್ ತೊಟ್ಟು ಅದನ್ನಿಟ್ಟು ಬಿಗಿಯಾಗಿ ಮುಚ್ಚಿದ ಜಾಡಿಯ ಮುಂದೆ ಕೂತಳು. ಅದು ಕಾಲಾಡಿಸಿದರೆ ಅವಳಿಗೂ ಉಸಿರು ಬರುತ್ತಿತ್ತು. ಸುಮ್ಮನಾದರೆ, "ಇನ್ನು ಸ್ವಲ್ಪ ಹೊತ್ತು, ಪ್ಲೀಸ್" ಎನ್ನುತ್ತಿದ್ದಳು. ಹಡಗು ಹತ್ತಿದ ಮೇಲೆ ಅವಳು ಯಾರೊಡನೆಯೂ ಇಷ್ಟು ಮಾತಾಡಿರಲಿಲ್ಲ.

ಹಡಗಿನ ವೈಫೈನಲ್ಲಿ ಅಮ್ಮನ ಫೋನು ಬಂತು. "ಯಾಕೇ ಪಿಸುಗುಡ್ತಿದೀಯ?"

"ಇಲ್ಲೊಬ್ಬರಿಗೆ ಹುಷಾರಿಲ್ಲಮ್ಮ. ಪಕ್ಕದಲ್ಲೇ ಕೂತಿದೀನಿ. ತುಂಬಾ ಚಳಿ."

ಅಮ್ಮನ ದನಿಯೂ ಪಿಸುಮಾತಿಗಿಳಿಯಿತು. "ಗಂಡೋ, ಹೆಣ್ಣೋ?"

"ಇನ್ನೂ ನೋಡಿಲ್ಲ."

ಮಧ್ಯಾಹ್ನದ ಹೊತ್ತಿಗೆ ಅಂಕಿ ಸಿಕ್ಕಿತು. ಕಳೆದು ನೋಡಿದರೆ ಕೆಸರಿನ ಲೆಕ್ಕ ಸರಿಹೋಯಿತು. ಪ್ರಬಂಧ ಬದುಕಿತು. ಅವಳು ಜಾಡಿಯನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದಳು.

"ಎಲ್ಲಿಗೆ?" ಮೇಡಂ ತಡೆದರು.

"ನೀರಿಗೆ ಬಿಡೋಣ ಅಂತ."

"ಮೇಲಿನ ನೀರು ಬಿಸಿ. ತಳ ಮುಟ್ಟೋದ್ರೊಳಗೆ ಸತ್ತುಹೋಗುತ್ತೆ. ಅಲ್ಲದೆ ತೂಕ ಬೇಡ್ವಾ? ಓವನ್‌ನಲ್ಲಿ ಒಣಗಿಸಿ ತೂಗದೆ ಇದ್ರೆ, ಅದು ಉಸಿರಾಡ್ತು ಅಂದ್ರೆ ಪರೀಕ್ಷಕರು ನಂಬ್ತಾರಾ?"

ಅವಳು ಜಾಡಿಯೊಂದಿಗೆ ವಾಪಸು ಒಳಗೆ ಹೋದಳು.

ಹಡಗು ದಡದ ಕಡೆ ತಿರುಗಿದಾಗ ಮತ್ತೆ ಅಮ್ಮ. "ಹೇಗಿದಾರೇ, ಆ ಹುಷಾರಿಲ್ಲದವರು?"

"ನಾಳೆ ತೂಕ ನೋಡ್ಬೇಕಮ್ಮ."

"ಸದ್ಯ. ಚಳಿಯಲ್ಲಿ ಮಾತ್ರ ಇಡ್ಬೇಡಿ, ಪಾಪ. ಬೆಚ್ಚಗಿರೋ ಕಡೆ ಮಲಗ್ಸಿ."

ಅವಳು ಓವನ್ನಿನ ಕೆಂಪು ದೀಪದ ಕಡೆ ನೋಡಿದಳು.

"ಮಲಗ್ಸಿದೀನಿ," ಎಂದಳು.